ಐದನೇ ತಿಂಗಳ ಹೂವು, ಕುಂಡದೊಳಗಿನ ಮರ

ಜಪಾನಿನ ಹಳೆಯ ಚಾಂದ್ರಮಾನ ಪಂಚಾಂಗದಲ್ಲಿ ಐದನೇ ತಿಂಗಳ ಹೆಸರು ಸತ್ಸುಕಿ. ಕನ್ನಡ ಪಂಚಾಂಗದ ಲೆಕ್ಕದಲ್ಲಿ ಅದು ಜ್ಯೇಷ್ಠದ ಆಸುಪಾಸು. ಉಳಿದ ಅಜೇಲಿಯಾಗಳು ವಸಂತದಲ್ಲೇ ಅರಳಿ ಉದುರಿದ ಮೇಲೆ, ಮೇ ಕೊನೆಯಿಂದ ಜೂನ್‌ವರೆಗೆ ನಿಧಾನವಾಗಿ ಹೂ ಬಿಡುವ ಒಂದು ಜಾತಿಗೆ ಆ ತಿಂಗಳ ಹೆಸರೇ ಅಂಟಿಕೊಂಡಿತು. ಕುಂಡದಲ್ಲಿ ಪುಟ್ಟ ಮರಗಳನ್ನು, ಅಂದರೆ ಬೋನ್ಸಾಯ್, ಬೆಳೆಸುವವರ ನಡುವೆ ಅಜೇಲಿಯಾ ಎಂದರೆ ಬಹುಪಾಲು ಈ ಸತ್ಸುಕಿಯೇ.

ಕಾಡಿನಲ್ಲಿ ಇದು ಹೊಳೆಯ ಗಿಡ. ಹೊನ್ಶು ದ್ವೀಪದ ಪಶ್ಚಿಮ ಭಾಗದಲ್ಲಿ, ಕ್ಯೂಶು ಮತ್ತು ಯಾಕುಶಿಮಾದಲ್ಲಿ, ಬೆಟ್ಟದ ಹೊಳೆಗಳ ದಂಡೆಯ ಬಂಡೆಬಿರುಕುಗಳಲ್ಲಿ ಬೇರೂರಿ ನಿಲ್ಲುತ್ತದೆ. ಮಳೆಗಾಲದಲ್ಲಿ ಹೊಳೆ ಉಕ್ಕಿದಾಗ ನೀರು ಗಿಡದ ಮೇಲೆಯೇ ಹರಿದುಹೋಗುತ್ತದೆ. ಪ್ರವಾಹಕ್ಕೆ ತಡೆಯೊಡ್ಡದ ಕಿರಿದಾದ ಎಲೆ, ಬಿರುಕಿನೊಳಗೆ ಜಾಲದಂತೆ ಹರಡುವ ಕೂದಲೆಳೆಯ ಬೇರು, ಮುರಿದರೆ ಬುಡದಿಂದಲೇ ಮತ್ತೆ ಚಿಗುರುವ ಶಕ್ತಿ, ಇವು ಅದರ ಆಸ್ತಿ. ಎತ್ತರಕ್ಕೆ ಏರುವ ಹಂಬಲ ಇದಕ್ಕಿಲ್ಲ. ನೆಲಕ್ಕೆ ಹತ್ತಿರವಾಗಿ ಅಗಲವಾಗುವುದೇ ಇದರ ಬದುಕು. ಶತಮಾನಗಳ ಅನಂತರ ಕತ್ತರಿ ಹಿಡಿದ ತೋಟಗಾರರು ಕಲಿತ ಪಾಠಗಳೆಲ್ಲ ಈ ಹೊಳೆದಂಡೆಯಲ್ಲೇ ಇದ್ದವು. ಇದರ ಜೊತೆಗೆ ಇನ್ನೊಂದು ಸಸ್ಯವೂ ಸೇರಿತು: ಕ್ಯೂಶುವಿನ ದಕ್ಷಿಣದ ದ್ವೀಪಗಳಲ್ಲಿ ಬೆಳೆಯುವ, ದುಂಡನೆಯ ಎಲೆಯ ಮಾರುಬಾ ಸತ್ಸುಕಿ. ಇಂದು ಕುಂಡಗಳಲ್ಲಿ ಕಾಣುವ ನೂರಾರು ತಳಿಗಳಲ್ಲಿ ಹೆಚ್ಚಿನವು ಈ ಎರಡರ ಬೆರಕೆಯಿಂದ ಹುಟ್ಟಿದವು.

ಹೊಳೆಯ ಗಿಡ ಊರಿನ ಗಿಡವಾದದ್ದು ಎದೋ ಕಾಲದಲ್ಲಿ. 1603ರಿಂದ ಟೊಕುಗಾವಾ ಮನೆತನದ ಸೇನಾನಾಯಕರಾದ ಶೋಗುನ್‌ಗಳು ಎದೋ ನಗರದಿಂದ, ಅಂದರೆ ಇಂದಿನ ಟೋಕಿಯೊದಿಂದ, ಆಳಿದರು. ಪ್ರಾಂತ್ಯಗಳ ಅಧಿಪತಿಗಳು ಸರದಿಯ ಪ್ರಕಾರ ರಾಜಧಾನಿಯಲ್ಲಿ ಬಂದು ನೆಲೆಸಬೇಕೆಂಬ ಕಟ್ಟಳೆ ಇತ್ತು. ಹಾಗಾಗಿ ಒಬ್ಬೊಬ್ಬರಿಗೂ ಅಲ್ಲೊಂದು ಮನೆ, ಮನೆಗೊಂದು ತೋಟ. ಆ ತೋಟಗಳಿಗೆ ಗಿಡ ಒದಗಿಸಲು ನಗರದ ಅಂಚಿನ ಸೊಮೆಯಿ ಎಂಬ ಹಳ್ಳಿಯಲ್ಲಿ ಸಸ್ಯಪಾಲಕರ ಒಂದು ನೆಲೆಯೇ ಬೆಳೆಯಿತು. ಜಪಾನಿನ ಅತಿ ಪ್ರಸಿದ್ಧ ಚೆರ್ರಿ ತಳಿಯಾದ ಸೊಮೆಯಿ ಯೊಶಿನೊ ಹೆಸರು ಪಡೆದದ್ದು ಇದೇ ಹಳ್ಳಿಯಿಂದ.

ಸೊಮೆಯಿಯ ತೋಟಗಾರರಲ್ಲಿ ಇತೋ ಇಹೆಯಿ ಎಂಬಾತ ಅಜೇಲಿಯಾದ ಮೋಹಿ. ಕಿರಿಶಿಮಾ ಅಜೇಲಿಯಾದ ಹೆಸರನ್ನೇ ತನ್ನ ಅಂಗಡಿಗೂ ಇಟ್ಟುಕೊಂಡಿದ್ದ. 1692ರಲ್ಲಿ ಆತ ಐದು ಸಂಪುಟಗಳ ‘ಕಿನ್‌ಶೂ ಮಾಕುರಾ’ ಎಂಬ ಸಚಿತ್ರ ಪುಸ್ತಕವನ್ನು ಪ್ರಕಟಿಸಿದ. ಹೆಸರಿನ ಅರ್ಥ ಜರತಾರಿಯ ದಿಂಬು. ಮುನ್ನೂರಕ್ಕೂ ಹೆಚ್ಚು ತಳಿಗಳ ಹೂವಿನ ಬಣ್ಣ, ಗಾತ್ರ, ಅರಳುವ ಕಾಲ ಅದರಲ್ಲಿ ದಾಖಲಾಗಿವೆ. ಬೇಗ ಅರಳುವವು ತ್ಸುತ್ಸುಜಿ, ತಡವಾಗಿ ಅರಳುವವು ಸತ್ಸುಕಿ ಎಂದು ಆತ ಮಾಡಿದ ವಿಂಗಡಣೆಯನ್ನು ಜಪಾನಿನ ತೋಟಗಾರರು ಇಂದಿಗೂ ಬಿಟ್ಟಿಲ್ಲ. ಯುರೋಪಿನಲ್ಲಿ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ಇನ್ನೂ ಹುಟ್ಟಿರದ ಕಾಲದಲ್ಲಿ, ಒಂದೇ ಬಗೆಯ ಗಿಡಗಳ ಬಗ್ಗೆ ಮಾರಾಟಗಾರನೊಬ್ಬ ಇಷ್ಟು ಶ್ರದ್ಧೆಯಿಂದ ಕೂತು ಬರೆದ ಪುಸ್ತಕ ಇದು. ಸಸ್ಯಶಾಸ್ತ್ರದ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದಷ್ಟು ಮಾನ್ಯತೆ ಸಿಕ್ಕಿಲ್ಲ ಎಂದೇ ಹೇಳಬೇಕು.

ಸತ್ಸುಕಿಯ ಶಾಸ್ತ್ರೀಯ ಹೆಸರಿನಲ್ಲಿ ಒಂದು ತಪ್ಪು ಉಳಿದುಕೊಂಡಿದೆ. 17ನೇ ಶತಮಾನದ ಕೊನೆಯಲ್ಲಿ ಡಚ್ ವ್ಯಾಪಾರಿಗಳು ಈ ಗಿಡವನ್ನು ಬಟಾವಿಯಾ (ಇಂದಿನ ಜಕಾರ್ತಾ) ಮಾರ್ಗವಾಗಿ ಹಾಲೆಂಡಿಗೆ ಒಯ್ದರು. ಪೂರ್ವದಿಂದ ಹಡಗಿನಲ್ಲಿ ಬಂದದ್ದೆಲ್ಲ ಆಗ ‘ಇಂಡೀಸ್‌’ನ ಸರಕು. 1753ರಲ್ಲಿ ಲಿನ್ನೇಯಸ್ ಇದಕ್ಕೆ ಅಜೇಲಿಯಾ ಇಂಡಿಕಾ ಎಂದು ಹೆಸರಿಟ್ಟ. ಮುಂದಿನ ಶತಮಾನದಲ್ಲಿ ಅದನ್ನು ರೋಡೋಡೆಂಡ್ರಾನ್ ಕುಲಕ್ಕೆ ಸೇರಿಸಿದಾಗ ಹೆಸರು ರೋಡೋಡೆಂಡ್ರಾನ್ ಇಂಡಿಕಮ್ ಆಯಿತು. ಭಾರತಕ್ಕೂ ಇದಕ್ಕೂ ಹುಟ್ಟಿನ ನಂಟಿಲ್ಲ. ಆದರೆ ಕನ್ನಡ ನಾಡಿನ ನೆರೆಯಲ್ಲೇ, ನೀಲಗಿರಿಯ ಶೋಲಾ ಕಾಡಿನ ಅಂಚಿನಲ್ಲಿ, ಒಂದು ರೋಡೋಡೆಂಡ್ರಾನ್ ಬೆಳೆಯುತ್ತದೆ. ಅಲ್ಲಿ ಕೆಂಪು ಗೊಂಚಲು ಬಿಡುವ, ಗಂಟುಗಂಟಾದ ಮರ ಸತ್ಸುಕಿಯ ದೂರದ ಬಂಧು.

ಎದೋ ಕಾಲದ ಜನ ಸತ್ಸುಕಿಯನ್ನು ಹಚ್ಚಿಕೊಂಡದ್ದು ಹೂವಿಗಾಗಿ, ಅದರಲ್ಲೂ ಹೂವಿನ ಚಂಚಲ ಸ್ವಭಾವಕ್ಕಾಗಿ. ಒಂದೇ ಗಿಡದಲ್ಲಿ ಅಚ್ಚ ಬಿಳಿ ಹೂವು, ಬಿಳಿಯ ಮೇಲೆ ಕೆಂಪು ಗೀರೆಳೆದ ಹೂವು, ಅಂಚಿಗೆ ಮಾತ್ರ ಬಣ್ಣ ಹಚ್ಚಿದ ಹೂವು, ಇಡಿಯಾಗಿ ಕೆಂಪಾದ ಹೂವು ಒಟ್ಟೊಟ್ಟಿಗೆ ಅರಳುತ್ತವೆ. ಗೀರುಗಳಿಗೆ ಶಿಬೊರಿ, ಬಣ್ಣದ ಅಂಚಿಗೆ ಫುಕುರಿನ್, ಬಿಳಿ ಗಂಟಲಿಗೆ ಸೊಕೊಜಿರೊ ಎಂದು ಪ್ರತಿಯೊಂದಕ್ಕೂ ಹೆಸರಿದೆ. ಬಣ್ಣದ ಜೀನು ಕೆಲವು ಕೋಶಗಳಲ್ಲಿ ಕೆಲಸ ಮಾಡಿ ಕೆಲವುಗಳಲ್ಲಿ ಸುಮ್ಮನಿರುವುದರಿಂದ ಈ ಆಟ ನಡೆಯುತ್ತದೆ. ಆದರೆ ಒಂದು ರೆಂಬೆ ಪೂರ್ತಿ ಕೆಂಪಿಗೆ ತಿರುಗಿದರೆ ಅದರಿಂದ ಮುಂದೆ ಹೊರಡುವ ಕವಲುಗಳೂ ಸಾಮಾನ್ಯವಾಗಿ ಕೆಂಪೇ. ಅಂಥ ರೆಂಬೆಗಳನ್ನು ಹಾಗೇ ಬಿಟ್ಟರೆ ಕೆಲವು ವರ್ಷಗಳಲ್ಲಿ ಗಿಡ ತನ್ನ ಚಿತ್ತಾರವನ್ನೆಲ್ಲ ಕಳೆದುಕೊಳ್ಳುತ್ತದೆ. ಆದ್ದರಿಂದ ಹೂವಿದ್ದಾಗಲೇ ಅವುಗಳಿಗೆ ದಾರ ಕಟ್ಟಿ ಗುರುತು ಮಾಡಿ, ಹೂ ಮುಗಿದ ಮೇಲೆ ಸವರುತ್ತಾರೆ. ಈ ಗಿಡಕ್ಕೆ ಕತ್ತರಿ ಬೇಕಾದದ್ದು ಮರದ ಆಕಾರಕ್ಕೆ ಮಾತ್ರವಲ್ಲ, ಬಣ್ಣವನ್ನು ಉಳಿಸಿಕೊಳ್ಳುವುದಕ್ಕೂ ಹೌದು.

ಆಕಾರದ ಕಡೆಗೆ ಗಮನ ಪೂರ್ತಿಯಾಗಿ ತಿರುಗಿದ್ದು 20ನೇ ಶತಮಾನದಲ್ಲಿ. 1923ರ ಭೂಕಂಪದಲ್ಲಿ ನೆಲೆ ಕಳೆದುಕೊಂಡ ಟೋಕಿಯೊದ ಬೋನ್ಸಾಯ್ ತೋಟಗಾರರು ಒಮಿಯಾ ಪಟ್ಟಣದ ಬಳಿ 1925ರಲ್ಲಿ ತಮ್ಮದೇ ಗ್ರಾಮ ಕಟ್ಟಿಕೊಂಡರು. 1934ರಲ್ಲಿ ಕೊಕುಫು ಬೋನ್ಸಾಯ್ ಪ್ರದರ್ಶನ ಆರಂಭವಾಯಿತು. ಚಳಿ ಪೂರ್ತಿ ಹಿಮ್ಮೆಟ್ಟುವ ಮೊದಲೇ ನಡೆಯುವ ಆ ಪ್ರದರ್ಶನದ ಹೊತ್ತಿಗೆ ಸತ್ಸುಕಿಗೆ ಹೂವಿಲ್ಲ. ಅದರ ಪ್ರದರ್ಶನಗಳು ಬೇಸಿಗೆಯ ಆರಂಭದಲ್ಲಿ ಬೇರೆಯಾಗಿಯೇ ನಡೆಯುತ್ತವೆ. ಈ ಗಿಡದ ರಾಜಧಾನಿಯಾದದ್ದು ತೊಚಿಗಿ ಪ್ರಾಂತ್ಯದ ಕನುಮಾ ಪಟ್ಟಣ. ಅದಕ್ಕೆ ಕಾರಣ ಅಲ್ಲಿನ ನೆಲ. ನಲವತ್ತು ಸಾವಿರ ವರ್ಷಗಳಿಗೂ ಹಿಂದೆ ಅಕಾಗಿ ಪರ್ವತ ಸಿಡಿದಾಗ ಉದುರಿದ ಹಗುರ ಕಲ್ಲಿನ ಪದರ ಅಲ್ಲಿ ಮೇಲ್ಮಣ್ಣಿನ ಕೆಳಗೆ ಹಳದಿಯಾಗಿ ಮಲಗಿದೆ. ಬೆಳೆಗೆ ಬೇಕಾದ ಸತ್ವ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದು ಆಮ್ಲೀಯ, ನೀರನ್ನು ಹೀರಿಟ್ಟುಕೊಂಡೂ ಹೆಚ್ಚಾದದ್ದನ್ನು ಬಸಿದುಬಿಡುತ್ತದೆ, ಎಳೆಬೇರಿಗೆ ಗಾಳಿ ಬಿಡುತ್ತದೆ. ಹೊಳೆದಂಡೆಯ ಬಿರುಕಿನಲ್ಲಿ ಗಿಡ ಪಡೆದದ್ದೆಲ್ಲ ಈ ಹರಳುಗಳಲ್ಲಿ ಸಿಕ್ಕಿತು. ಒಣಗಿದಾಗ ಮಾಸಲು ಕೆನೆಬಣ್ಣ, ನೆನೆದಾಗ ಗಾಢ ಹಳದಿ: ನೀರು ಯಾವಾಗ ಹಾಕಬೇಕೆಂದು ಮಣ್ಣೇ ಹೇಳುತ್ತದೆ. ಕನುಮಾ ಎಂಬ ಹೆಸರು ಈಗ ಜಗತ್ತಿನೆಲ್ಲೆಡೆ ಚೀಲಗಳ ಮೇಲೆ ಮಣ್ಣಿನ ಹೆಸರಾಗಿ ಮಾರಾಟವಾಗುತ್ತದೆ.

ಬೀಜದಿಂದ ಬೆಳೆದ ಸಸಿ ತಾಯಿಯಂತೆ ಹೂ ಬಿಡುವುದಿಲ್ಲವಾದ್ದರಿಂದ ತಳಿಯನ್ನು ಕಡ್ಡಿ ನೆಟ್ಟೇ ಬೆಳೆಸುತ್ತಾರೆ. ಬೇರು ಬಿಟ್ಟ ಎಳೆಯ ಕಡ್ಡಿಗೆ ತಂತಿ ಸುತ್ತಿ ಹಾವಿನಂತೆ ಬಳುಕಿಸಿ ಹೊಲದಲ್ಲಿ ನೆಡುತ್ತಾರೆ. ದಪ್ಪ ಕಾಂಡ ಬೇಕಾದರೆ ಅಲ್ಲೇ ಹತ್ತಿಪ್ಪತ್ತು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಆಮೇಲೆ ಕಿತ್ತು, ರೆಂಬೆಗಳನ್ನೆಲ್ಲ ತೆಗೆದು ಬರಿಯ ಬೋಳು ಕಾಂಡ ಉಳಿಸುತ್ತಾರೆ. ಪೈನ್ ಮರಕ್ಕೆ ಹೀಗೆ ಮಾಡಿದರೆ ಅದು ಸತ್ತೇ ಹೋಗುತ್ತದೆ. ಸತ್ಸುಕಿ ಕೆಲವು ವಾರಗಳಲ್ಲಿ ಹಳೆಯ ತೊಗಟೆಯನ್ನು ಸೀಳಿಕೊಂಡು ಮೈತುಂಬ ಚಿಗುರುತ್ತದೆ. ಪ್ರವಾಹ ಮುರಿದು ಹೋದ ಮೇಲೂ ಬದುಕಬೇಕಿದ್ದ ಗಿಡದ ಅಭ್ಯಾಸ ಅದು. ಆ ನೂರಾರು ಚಿಗುರುಗಳಲ್ಲಿ ಎಲ್ಲಿ ಕೊಂಬೆ ಬೇಕೋ ಅಲ್ಲಿಯವನ್ನು ಉಳಿಸಿಕೊಂಡು ಮರವನ್ನು ಮೊದಲಿಂದ ಕಟ್ಟುವುದು ಮುಂದಿನ ಕೆಲಸ.

ಸವರುವಾಗ ಹೊಸಬರು ಎಡವುವುದು ಎರಡು ಕಡೆ. ಮೊದಲನೆಯದು ಗಿಡದ ಬಲ. ಹೆಚ್ಚಿನ ಮರಗಳ ಬಲ ನೆತ್ತಿಯಲ್ಲಿರುತ್ತದೆ. ಮೇಲೆ ಬಿಗಿಯಾಗಿ ಕತ್ತರಿಸಿ ಕೆಳಗನ್ನು ಬೆಳೆಯಬಿಡುವುದು ಬೋನ್ಸಾಯ್‌ನ ಸಾಮಾನ್ಯ ಕ್ರಮ. ಪೊದೆಯ ಜಾತಿಯಾದ ಸತ್ಸುಕಿಯ ಬಲ ಬುಡದಲ್ಲಿ. ಇದರ ನೆತ್ತಿಯನ್ನು ಪೈನ್‌ನಂತೆ ಸವರಿದರೆ ಕೆಳರೆಂಬೆಗಳು ಕೊಬ್ಬಿ ತುದಿ ಬಡವಾಗಿ ಕೊನೆಗೆ ಒಣಗುತ್ತದೆ. ಹಾಗಾಗಿ ಕೆಳಗೆ ಗಟ್ಟಿಯಾಗಿ, ಮೇಲೆ ಹಗುರವಾಗಿ ಕತ್ತರಿ ಆಡಬೇಕು. ಬುಡದಲ್ಲಿ ಏಳುವ ಚಿಗುರುಗಳನ್ನು ಕಂಡ ಕೂಡಲೇ ಚಿವುಟಬೇಕು.

ಎರಡನೆಯದು ಕಾಲ. ಹೂವಿನ ಬುಡದಿಂದ ಮೂರರಿಂದ ಐದು ಚಿಗುರು ಒಟ್ಟಿಗೆ ಹೊರಡುತ್ತವೆ. ಹೂ ಮುಗಿದ ಕೂಡಲೇ ಅವುಗಳಲ್ಲಿ ಕವಲಿನಂತೆ ಎರಡನ್ನು ಉಳಿಸಿ ಮಿಕ್ಕವನ್ನು ತೆಗೆದು, ಉಳಿದವನ್ನೂ ಎರಡು ಎಲೆಗೆ ಮೊಟಕು ಮಾಡುತ್ತಾರೆ. ಜುಲೈ, ಆಗಸ್ಟ್ ಹೊತ್ತಿಗೆ ಹೊಸ ಕುಡಿಗಳೊಳಗೆ ಮರುವರ್ಷದ ಮೊಗ್ಗು ಕೂತಾಗಿರುತ್ತದೆ. ಆಮೇಲೆ ಆಡಿದ ಕತ್ತರಿ ಮೊಗ್ಗನ್ನೇ ಕಡಿಯುತ್ತದೆ.

ದೊಡ್ಡ ರೆಂಬೆ ತೆಗೆದ ಗಾಯಕ್ಕೆ ಲೇಪ ಹಚ್ಚುವುದನ್ನು ಮರೆಯುವಂತಿಲ್ಲ. ಬಿಟ್ಟರೆ ಗಾಯದ ಕೆಳಗೆ ಕಾಂಡದ ಒಂದು ಪಟ್ಟಿಯೇ ಒಣಗಿ ಕೊಳೆಯಬಹುದು. ಕಟ್ಟಿಗೆ ಪೆಡಸು. ತಂತಿ ಸುತ್ತುವ ಮುನ್ನ ಒಂದು ದಿನ ನೀರು ಕಡಿಮೆ ಮಾಡಿ, ರೆಂಬೆ ಸ್ವಲ್ಪ ಸೊರಗಿದ ಮೇಲೆ ನಿಧಾನವಾಗಿ ಬಗ್ಗಿಸುತ್ತಾರೆ. ನೀರು ಗಡುಸಾಗಿದ್ದರೆ ಅದರ ಸುಣ್ಣದಿಂದ ಮಣ್ಣಿನ ಆಮ್ಲತೆ ಇಳಿದು, ಗಿಡಕ್ಕೆ ಕಬ್ಬಿಣ ದಕ್ಕದೆ, ನರ ಹಸಿರಾಗಿಯೇ ಉಳಿದು ಎಲೆ ಹಳದಿಯಾಗುತ್ತದೆ. ಕೊಳವೆಬಾವಿಯ ಗಡುಸು ನೀರಿನ ಊರುಗಳಲ್ಲಿ ಅಜೇಲಿಯಾ ಸೊರಗುವುದಕ್ಕೆ ಇದು ಸಾಮಾನ್ಯ ಕಾರಣ. ಅಲ್ಲಿ ಹಿಡಿದಿಟ್ಟ ಮಳೆನೀರೇ ಒಳ್ಳೆಯದು.

ಜಪಾನಿನಾಚೆ ಸತ್ಸುಕಿಯ ತಳಿಗಳಿಗಿಂತ ಮುಂಚೆ ಹೆಸರು ಮಾಡಿದವು ಕ್ಯೂಶುವಿನ ಕುರುಮೆ ಅಜೇಲಿಯಾಗಳು. ಸಸ್ಯಸಂಗ್ರಾಹಕ ಅರ್ನೆಸ್ಟ್ ವಿಲ್ಸನ್ 1918ರಲ್ಲಿ ಕುರುಮೆಗೆ ಹೋಗಿ 50 ತಳಿಗಳನ್ನು ಅಮೆರಿಕಕ್ಕೆಂದು ಆರಿಸಿದ. ಸತ್ಸುಕಿಯ ತಳಿಗಳು ತಡವಾಗಿ ಹೋದವು, ಆದರೆ ಬೋನ್ಸಾಯ್ ತೋಟಗಳಲ್ಲಿ ಆಳವಾಗಿ ನೆಲೆಯೂರಿದವು. ದೊಡ್ಡ ಬಟ್ಟಲಿನಂಥ ಗುಲಾಬಿಗೆಂಪು ಹೂವಿನ ಒಸಾಕಾಜುಕಿ, ಎಸಳು ಸೀಳಿ ದಾರದಂತಾದ ಕಿನ್‌ಸಾಯ್, ಸಣ್ಣ ಎಲೆಯ ಕೋಜಾನ್ ಇಂದು ಹಲವು ದೇಶಗಳಲ್ಲಿ ಸಿಗುತ್ತವೆ.

ಮೇ ಕೊನೆಯ ಹೊತ್ತಿಗೆ ಕನುಮಾದ ಸತ್ಸುಕಿ ಹಬ್ಬದಲ್ಲಿ ಗಿಡಗಳು ಎಲೆ ಕಾಣದಷ್ಟು ಹೂ ಹೊತ್ತು ನಿಲ್ಲುತ್ತವೆ. ಪ್ರದರ್ಶನ ಮುಗಿಸಿ ಮನೆಗೆ ಬಂದ ಗಿಡದ ಹೂವುಗಳನ್ನು ಬಾಡುವವರೆಗೂ ಕಾಯದೆ, ಬೀಜ ಕಟ್ಟಲು ಶಕ್ತಿ ಹೋಗದಂತೆ, ಅಂಡಾಶಯದ ಸಮೇತ ಒಂದೊಂದಾಗಿ ಬಿಡಿಸುತ್ತಾರೆ. ದಣಿದ ಗಿಡವಾದರೆ ಮುಂದಿನ ವರ್ಷ ಮೊಗ್ಗುಗಳನ್ನೇ ಕಿತ್ತು, ಹೂವಿಲ್ಲದೆ ಒಂದು ಋತು ಸುಮ್ಮನೆ ಬೆಳೆಯಲು ಬಿಡುತ್ತಾರೆ.