ಹಂಚುವ ಯಂತ್ರ, ಹಂಚಿಕೆಯ ನ್ಯಾಯ
(ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ತರುಣರ ಮುಂದೆ ಮಾಡಿದ ಭಾಷಣ)



ಮಳೆ-ಬೆಳೆ, ಹತ್ತಿಯ ದರ, ಬೆಟಗೇರಿಯ ನೇಕಾರನ ಕೂಲಿ ಇವನ್ನೆಲ್ಲ ಬಿಟ್ಟು ಇಂದು ಬೇರೊಂದು ವಿಷಯ ಮಾತನಾಡುತ್ತೇನೆ. ಕೊರಿಯಾ, ತುರ್ಕಸ್ತಾನ, ಇಂಗ್ಲೆಂಡಿನ ಟೆಲಿವಿಜನ್ ಧಾರಾವಾಹಿಗಳನ್ನು ನಮ್ಮ ತರುಣರು ಗಣಕಯಂತ್ರದಲ್ಲಿ ಹೇಗೆ ತರಿಸಿಕೊಂಡು ನೋಡುತ್ತಾರೆ ಎಂಬುದೇ ಆ ವಿಷಯ. ಇದು ಬರಿಯ ಮೋಜಿನ ಮಾತೆಂದು ತಿಳಿಯಬೇಡಿರಿ. ಇದರಲ್ಲಿ ಆಸ್ತಿಯ ಪ್ರಶ್ನೆಯಿದೆ, ಕೂಲಿಯ ಪ್ರಶ್ನೆಯಿದೆ, ಕನ್ನಡದ ಪ್ರಶ್ನೆಯಿದೆ. ಎಡವಿದರೆ ಸೆರೆಮನೆಯೂ ಇದೆ.

ಮೊದಲು ಯಂತ್ರದ ಮಾತು. ಹಳೆಯ ಪದ್ಧತಿಯಲ್ಲಿ ಒಂದೇ ಉಗ್ರಾಣ. ಎಲ್ಲರೂ ಅದರ ಬಾಗಿಲಿಗೆ ಹೋಗಿ ನಿಲ್ಲಬೇಕು. 1999ರಲ್ಲಿ ಅಮೇರಿಕೆಯಲ್ಲಿ ಹುಟ್ಟಿದ ನ್ಯಾಪ್‌ಸ್ಟರ್ ಒಬ್ಬರ ಗಣಕದಿಂದ ಇನ್ನೊಬ್ಬರ ಗಣಕಕ್ಕೆ ನೇರವಾಗಿ ಹಾಡು ಸಾಗಿಸುವುದನ್ನು ಕಲಿಸಿತು. ಆದರೆ ಅದರ ಯಾದಿ ಒಂದೇ ಕಡೆ ಇತ್ತು. ಆದ್ದರಿಂದ ನ್ಯಾಯಾಲಯದ ಆಜ್ಞೆಯಾದೊಡನೆ 2001ರಲ್ಲಿ ನಿಂತುಹೋಯಿತು. ಅದೇ ವರ್ಷ ಬ್ರಾಮ್ ಕೋಹೆನ್ ಎಂಬಾತ ಬಿಟ್‌ಟೊರೆಂಟ್ ಪದ್ಧತಿಯನ್ನು ತಂದ. ಇಲ್ಲಿ ಒಂದು ಕಡತವನ್ನು ನೂರಾರು ತುಣುಕು ಮಾಡುತ್ತಾರೆ. ಒಬ್ಬನಲ್ಲಿ ಮೊದಲ ತುಣುಕು, ಇನ್ನೊಬ್ಬನಲ್ಲಿ ಹತ್ತನೆಯದು. ಪಡೆಯುತ್ತಿರುವವನೇ ಕೊಡುತ್ತಲೂ ಇರುತ್ತಾನೆ. ಪ್ರತಿ ತುಣುಕಿಗೂ ಗುರುತು ಇರುವುದರಿಂದ ಕೆಟ್ಟ ತುಣುಕು ಬಂದರೆ ತಂತ್ರಾಂಶವೇ ತಳ್ಳಿಬಿಡುತ್ತದೆ. ಪೂರ್ತಿ ಕಡತವಿಟ್ಟುಕೊಂಡು ಹಂಚುವವನಿಗೆ ಸೀಡರ್ ಎಂದು ಹೆಸರು. ಪಡೆದು ಕೊಡದೆ ಓಡುವವನಿಗೆ ಲೀಚರ್, ಅಂದರೆ ಜಿಗಣೆ.

ಈ ತತ್ತ್ವ ನಮಗೆ ಹೊಸದೇ? 1905ರಲ್ಲಿ ನಮ್ಮ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದಾಗ ಇದನ್ನೇ ಹೇಳಿದರು. ಸಾಹುಕಾರನ ಬಾಗಿಲಿಗೆ ಹೋಗುವುದಕ್ಕಿಂತ ಪ್ರತಿಯೊಬ್ಬನೂ ತನ್ನಲ್ಲಿದ್ದ ಅಷ್ಟಿಷ್ಟನ್ನು ಕೂಡಿಸಿದರೆ ಎಲ್ಲರಿಗೂ ಒದಗುತ್ತದೆ. ಸಂಘದಲ್ಲಿ ಸಾಲ ಪಡೆದು ತಿರುಗಿ ಕೊಡದವರು ಹೆಚ್ಚಾದರೆ ಸಂಘ ಮುಳುಗುತ್ತದೆ. ಇಲ್ಲಿಯೂ ಹಾಗೆಯೇ. ಹೊಸ ಧಾರಾವಾಹಿ ತಾಸಿನಲ್ಲಿ ಬರುತ್ತದೆ. ಹಂಚುವವರಿಲ್ಲದ ಹಳೆಯದು ನೂರಕ್ಕೆ ತೊಂಬತ್ತರಷ್ಟು ಬಂದು ನಿಂತುಬಿಡುತ್ತದೆ. ಧಾರಾವಾಹಿಯೆಂದು ಹೆಸರಿಟ್ಟು ರೋಗದ ತಂತ್ರಾಂಶ ಕಳಿಸುವವರೂ ಇದ್ದಾರೆ.

ಆದರೆ ಒಂದು ಭೇದವನ್ನು ಮರೆಯಬಾರದು. ಕಣಗಿನಹಾಳದ ರೈತರು ಕೂಡಿಸಿದ್ದು ತಮ್ಮ ಸ್ವಂತ ಹಣ. ಇಲ್ಲಿ ಹಂಚುವ ಧಾರಾವಾಹಿ ಹಂಚುವವನದಲ್ಲ. ‘ನಾನು ನೋಡಿದೆ ಅಷ್ಟೆ, ಹಂಚಲಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ. ಪಡೆಯುವಾಗಲೇ ನಿಮ್ಮ ಯಂತ್ರ ಹಂಚುತ್ತಿರುತ್ತದೆ. ಗುಂಪಿನಲ್ಲಿರುವ ಇತರರಿಗೆ ನಿಮ್ಮ ಜಾಲದ ವಿಳಾಸವೂ ಕಾಣುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ 63ನೆಯ ಕಲಮಿನಂತೆ ಗೊತ್ತಿದ್ದೂ ಹಕ್ಕು ಮುರಿದರೆ 6 ತಿಂಗಳಿನಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ನಮ್ಮ ರಾಜ್ಯ ಇನ್ನೂ ಮುಂದೆ ಹೋಗಿದೆ. 1985ರ ಗೂಂಡಾ ಕಾಯಿದೆಗೆ 2014ರಲ್ಲಿ ತಿದ್ದುಪಡಿ ಮಾಡಿ ‘ಡಿಜಿಟಲ್ ಅಪರಾಧಿ’ಗಳನ್ನೂ ಅದರೊಳಗೆ ತಂದಿದ್ದಾರೆ. ಆ ಕಾಯಿದೆಯಲ್ಲಿ ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಕೂಡಿಹಾಕಬಹುದು. ಕಳ್ಳಬಟ್ಟಿಯವನಿಗೆ ಮಾಡಿದ ಕಾಯಿದೆ ವಿದ್ಯಾರ್ಥಿಯ ಮೇಲೂ ಬೀಳಬಹುದಾದರೆ ಅದನ್ನು ನಾವು ವಿರೋಧಿಸಲೇಬೇಕು.

ಹಾಗಾದರೆ ಪುಕ್ಕಟೆ ನೋಡುವುದು ನಮ್ಮ ಹಕ್ಕೇ? ಅಲ್ಲ. ಗದುಗಿನವರಾದ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ನಡೆಸಿದರು; ಆ ನಾಟಕದ ಹಣ ಆಶ್ರಮದ ಅಂಧ ಮಕ್ಕಳ ಅನ್ನಕ್ಕೆ ಆಸರೆಯಾಯಿತು. ಟಿಕೀಟಿನ ಹಿಂದೆ ಹಸಿದ ಹೊಟ್ಟೆಯಿದೆ. ಕೊರಿಯಾದ ಧಾರಾವಾಹಿಗೂ ದೀಪ ಹಿಡಿದವನಿದ್ದಾನೆ, ಬಟ್ಟೆ ಹೊಲಿದವಳಿದ್ದಾಳೆ. ಅವರ ದುಡಿಮೆಗೆ ಬೆಲೆ ಕೊಡಬೇಡಿರೆಂದು ದುಡಿಯುವವರ ಪರವಾಗಿ ಮಾತನಾಡುವವರು ಹೇಳಲಾಗದು.

ಆದರೆ ಕೊಡುತ್ತೇನೆಂದರೂ ಕನ್ನಡಿಗನಿಗೆ ಬಾಗಿಲು ತೆರೆದಿತ್ತೇ? ದಶಕಗಳ ಕಾಲ ಇಲ್ಲಿ ಡಬ್ಬಿಂಗಿಗೆ ಅಡ್ಡಿಯಿತ್ತು. 2012ರಲ್ಲಿ ‘ಸತ್ಯಮೇವ ಜಯತೇ’ ಬೇರೆ ಭಾಷೆಗಳಲ್ಲಿ ಬಂದಿತು. ಕನ್ನಡದಲ್ಲಿ ಬರಲು ಬಿಡಲಿಲ್ಲ. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಈ ಅಡ್ಡಿ ಕಾಯಿದೆಬಾಹಿರವೆಂದು ಹೇಳಿ ಚಲನಚಿತ್ರ ವಾಣಿಜ್ಯ ಮಂಡಳಿ ಮೊದಲಾದ ಸಂಸ್ಥೆಗಳಿಗೆ ದಂಡ ಹಾಕಿತು. ಕೆಲಸ ಹೋದೀತೆಂಬ ನಮ್ಮ ಕಲಾವಿದರ, ತಂತ್ರಜ್ಞರ ಭಯ ಸುಳ್ಳಾಗಿರಲಿಲ್ಲ. ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಬಾಗಿಲು ಮುಚ್ಚಿದ್ದರಿಂದ ಪರದೇಶದ ಕಥೆ ನಿಲ್ಲಲಿಲ್ಲ. ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಕಳ್ಳದಾರಿಯಲ್ಲಿ ಬಂದಿತು. ಕನ್ನಡದ ಮಾತು ಬರೆಯುವವನಿಗೂ, ದನಿ ಕೊಡುವವಳಿಗೂ ಸಿಗಬಹುದಾದ ಕೂಲಿ ಹೋಯಿತು. ಇಂಗ್ಲಿಷ್ ಬಾರದ ಮುಂಡರಗಿಯ ಅಜ್ಜಿಗೆ ಕಥೆಯೂ ಸಿಗಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಿರಲಿ. ಮೊದಲನೆಯದು, ಯಂತ್ರಕ್ಕೆ ಕಳ್ಳನೆಂದು ಹೆಸರಿಡಬೇಡಿರಿ. ಲಿನಕ್ಸಿನಂಥ ಮುಕ್ತ ತಂತ್ರಾಂಶವನ್ನು ಇದೇ ಪದ್ಧತಿಯಲ್ಲಿ ಕಾಯಿದೆಬದ್ಧವಾಗಿಯೇ ಹಂಚುತ್ತಾರೆ. ನಮ್ಮ ಹಳ್ಳಿಗಳ ನಾಟಕ, ಭಜನೆ, ಬಯಲಾಟಗಳನ್ನೂ ಆಡಿದವರ ಒಪ್ಪಿಗೆ ಪಡೆದು ಹೀಗೆಯೇ ಹಂಚಬಹುದು. ಎರಡನೆಯದು, 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಮನೆಯ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಕೊಡುತ್ತೇವೆ. ಆ ಹಣದಿಂದ ಹಕ್ಕಿನವರಿಗೆ ಬೆಲೆ ಕೊಟ್ಟು ಜಗತ್ತಿನ ಒಳ್ಳೆಯ ಧಾರಾವಾಹಿಗಳನ್ನು ಕನ್ನಡದ ಮಾತಿನೊಡನೆ ತರಿಸಿ, ಪುಸ್ತಕ ಕೊಡುವಂತೆ ಜನರಿಗೆ ಕೊಡಲಿ. ಮೂರನೆಯದು, ಗೂಂಡಾ ಕಾಯಿದೆಯಿಂದ ಈ ಅಪರಾಧವನ್ನು ತೆಗೆಯಲಿ. ತಪ್ಪಿದ್ದರೆ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಲಿ.

ತರುಣರೇ, ರಾತ್ರಿಯೆಲ್ಲ ಕುಳಿತು ಕಡತ ಹುಡುಕುವ ತಾಳ್ಮೆ ನಿಮಗಿದೆ. ಅದರಲ್ಲಿ ಒಂದು ತಾಸನ್ನು ಈ ಬೇಡಿಕೆಗೆ ಕೊಡಿರಿ. ಶಿರಹಟ್ಟಿಯಿಂದ, ಲಕ್ಷ್ಮೇಶ್ವರದಿಂದ, ಮುಂಡರಗಿಯಿಂದ ಸಹಿ ಕೂಡಿಸಿರಿ. ಗದಗಿನ ಜಿಲ್ಲಾ ಗ್ರಂಥಾಲಯದ ಮುಂದೆ ಎಲ್ಲರೂ ಸೇರಿ ಅರ್ಜಿ ಕೊಡೋಣ.