ಕಾರು ಬೆಂಗಳೂರಿನದು, ಸೆಲ್ ಎಲ್ಲಿಯದು?

ವೇಣೂರು, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಿಗೆ ಬ್ಯಾಟರಿ ಹೊಸ ನೆಂಟನಲ್ಲ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದರೆ ಇನ್ವರ್ಟರೇ ಗತಿ. ಅದರ ಬ್ಯಾಟರಿಯನ್ನು ಎತ್ತಿ ಜಗಲಿಗೆ ಸಾಗಿಸಿದವರಿಗೆ ಸೀಸದ ಭಾರ ಎಷ್ಟೆಂದು ಗೊತ್ತು. ಅಂಥದೇ ಸೀಸ ಮತ್ತು ಆಮ್ಲದ ಎಂಟು ಬ್ಯಾಟರಿಗಳನ್ನು ಸೀಟಿನ ಕೆಳಗಿಟ್ಟುಕೊಂಡು 2001ರಲ್ಲಿ ಬೆಂಗಳೂರಿನಲ್ಲಿ ಒಂದು ಪುಟ್ಟ ಕಾರು ರಸ್ತೆಗಿಳಿಯಿತು. ಅದೇ ರೇವಾ. ಚೇತನ್ ಮೈನಿ ಅವರ ಕನಸಿನ ಕೂಸು. ಟೆಸ್ಲಾ ಕಂಪನಿ ಹುಟ್ಟುವುದಕ್ಕೆ ಎರಡು ವರ್ಷ ಮುಂಚೆಯೇ ನಮ್ಮ ಬೊಮ್ಮಸಂದ್ರದಲ್ಲಿ ವಿದ್ಯುತ್ ಕಾರು ತಯಾರಾಗುತ್ತಿತ್ತು. ಲಂಡನ್ನಿನಲ್ಲಿ ಅದನ್ನು ಜೀ-ವಿಜ್ ಎಂಬ ಹೆಸರಿನಲ್ಲಿ ಮಾರಿದರು.

ರೇವಾ ಎಡವಿದ್ದು ಎಲ್ಲಿ? ಮೋಟಾರಿನಲ್ಲಲ್ಲ, ವಿನ್ಯಾಸದಲ್ಲೂ ಅಷ್ಟಾಗಿ ಅಲ್ಲ. ಬ್ಯಾಟರಿಯಲ್ಲಿ. ಒಮ್ಮೆ ಚಾರ್ಜ್ ಮಾಡಿದರೆ ಕಂಪನಿಯ ಲೆಕ್ಕದಲ್ಲೇ 80 ಕಿಲೋಮೀಟರ್. ಅಂದರೆ ವೇಣೂರಿನಿಂದ ಮಂಗಳೂರಿಗೆ ಹೋದೀತು, ಚಾರ್ಜ್ ಮಾಡದೆ ವಾಪಸು ಬರುವುದು ಅನುಮಾನ. ಕೆಲವು ವರ್ಷಕ್ಕೊಮ್ಮೆ ಬ್ಯಾಟರಿಗಳನ್ನೆಲ್ಲ ಬದಲಿಸುವ ಖರ್ಚು ಬೇರೆ. 2010ರಲ್ಲಿ ಮಹೀಂದ್ರ ಕಂಪನಿ ರೇವಾದ ಹೆಚ್ಚಿನ ಪಾಲನ್ನು ಕೊಂಡಿತು. ಅದೇ ಮಹೀಂದ್ರ 2024ರ ನವೆಂಬರಿನಲ್ಲಿ ಎರಡು ಹೊಸ ವಿದ್ಯುತ್ ಕಾರುಗಳನ್ನು ತೋರಿಸಿತು. ಒಂದೇ ಚಾರ್ಜಿನಲ್ಲಿ ಬೆಂಗಳೂರಿನಿಂದ ಹೊರಟು ಘಾಟಿ ಇಳಿದು ನಮ್ಮೂರು ತಲುಪಬಲ್ಲ ಕಾರುಗಳು. ಆದರೆ ಅವುಗಳ ಹೊಟ್ಟೆಯೊಳಗಿರುವ ಸೆಲ್ ಚೀನಾದ ಬಿವೈಡಿ ಕಂಪನಿಯದು. ಇಪ್ಪತ್ತಮೂರು ವರ್ಷಗಳಲ್ಲಿ ಕಾರು ಬೆಳೆಯಿತು. ಅದರ ಜೀವ ಮಾತ್ರ ಇನ್ನೂ ಪರರ ಕೈಯಲ್ಲಿದೆ. ಇವತ್ತಿನ ಮಾತು ಅದರ ಬಗ್ಗೆಯೇ.

ಮೊದಲು ಸೆಲ್ಲಿನೊಳಗೆ ಇಣುಕೋಣ. ತೆಳುವಾದ ಎರಡು ಲೋಹದ ಹಾಳೆಗಳು. ತಾಮ್ರದ ಹಾಳೆಗೆ ಗ್ರಾಫೈಟಿನ ಲೇಪ, ಅಲ್ಯೂಮಿನಿಯಂ ಹಾಳೆಗೆ ಲಿಥಿಯಂ ಇರುವ ಪುಡಿಯ ಲೇಪ. ನಡುವೆ ಸೂಕ್ಷ್ಮ ರಂಧ್ರಗಳ ಒಂದು ಪೊರೆ, ಎಲ್ಲವನ್ನೂ ತೋಯಿಸುವ ಒಂದು ದ್ರಾವಣ. ಚಾರ್ಜ್ ಮಾಡುವಾಗ ಲಿಥಿಯಂ ಕಣಗಳು ಪೊರೆ ದಾಟಿ ಬಂದು, ಪೇರಿಸಿಟ್ಟ ಹಾಳೆತಟ್ಟೆಗಳ ಸಂದಿಯಲ್ಲಿ ನುಸುಳಿದ ಹಾಗೆ ಗ್ರಾಫೈಟಿನ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಕಾರು ಓಡುವಾಗ ಹೊರಟಲ್ಲಿಗೇ ಮರಳುತ್ತವೆ. ಇಂಥ ಸೆಲ್ಲನ್ನು ಮೊದಲು ಮಾರುಕಟ್ಟೆಗೆ ತಂದದ್ದು ಜಪಾನಿನ ಸೋನಿ ಕಂಪನಿ, 1991ರಲ್ಲಿ. ಅದಕ್ಕೆ ತಳಪಾಯ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಮೂವರಿಗೆ 2019ರಲ್ಲಿ ನೊಬೆಲ್ ಬಂತು.

ಆ ಲಿಥಿಯಂ ಪುಡಿಯಲ್ಲಿ ಇಂದು ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್. ಹಗುರ, ಶಕ್ತಿ ಹೆಚ್ಚು, ಬೆಲೆಯೂ ಹೆಚ್ಚು. ಕೋಬಾಲ್ಟಿಗಾಗಿ ಕಾಂಗೋ ದೇಶದ ಕಡೆಗೆ, ನಿಕ್ಕಲ್ಲಿಗಾಗಿ ಇಂಡೊನೇಷ್ಯಾದ ಕಡೆಗೆ ಕೈಚಾಚಬೇಕು. ಇನ್ನೊಂದರಲ್ಲಿ ಕಬ್ಬಿಣ ಮತ್ತು ಫಾಸ್ಫೇಟ್, ಎಲ್‌ಎಫ್‌ಪಿ ಎನ್ನುತ್ತಾರೆ. ತುಸು ಭಾರ, ಆದರೆ ಅಗ್ಗ. ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ಬಾಳಿಕೆಯೂ ಹೆಚ್ಚು. ನಮ್ಮ ಸೆಕೆಗೆ ಇದೇ ಸರಿ ಎಂದು ನನ್ನ ಎಣಿಕೆ, ಭಾರತದ ಕಾರು ತಯಾರಕರೂ ಹೆಚ್ಚಾಗಿ ಇದನ್ನೇ ಆರಿಸಿಕೊಂಡಿದ್ದಾರೆ. ಎಲ್‌ಎಫ್‌ಪಿಯನ್ನು ಲೋಕಕ್ಕೆ ಪರಿಚಯಿಸಿದ 1997ರ ಪ್ರಬಂಧದಲ್ಲಿ ಮೂರು ಹೆಸರುಗಳಿವೆ: ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ನಂಜುಂಡಸ್ವಾಮಿ ಎಂದೊಡನೆ ನಮ್ಮ ಕಿವಿ ನೆಟ್ಟಗಾಗುವುದು ಸಹಜ! ಸಂಶೋಧನೆ ನಡೆದದ್ದು ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ. ಅದನ್ನು ಬೃಹತ್ ಉದ್ಯಮವಾಗಿ ಬೆಳೆಸಿದ್ದು ಚೀನಾ. ಇಂದು ಜಗತ್ತಿನ ಎಲ್‌ಎಫ್‌ಪಿ ಪುಡಿಯೆಲ್ಲ ಹೆಚ್ಚುಕಡಿಮೆ ಅಲ್ಲಿಂದಲೇ ಬರುತ್ತದೆ. 2025ರ ಜುಲೈಯಲ್ಲಿ ಆ ಪುಡಿ ಮಾಡುವ ತಂತ್ರಜ್ಞಾನ ಹೊರಹೋಗದಂತೆ ಚೀನಾ ಸರ್ಕಾರ ನಿರ್ಬಂಧವನ್ನೂ ಹಾಕಿತು.

ಹಾಗಾದರೆ ಲಿಥಿಯಂ ನಮ್ಮಲ್ಲೇ ಇದೆಯಲ್ಲ, ಮಂಡ್ಯದಲ್ಲಿ ಸಿಕ್ಕಿತಂತಲ್ಲ ಎಂದು ಕೇಳಬಹುದು. ಶ್ರೀರಂಗಪಟ್ಟಣದ ಕಡೆಯ ಮರಳಗಾಲ, ಅಲ್ಲಾಪಟ್ನ ಪ್ರದೇಶದಲ್ಲಿ ಲಿಥಿಯಂ ಇರುವುದು ನಿಜ. ಮೊದಲು ಹದಿನಾಲ್ಕು ಸಾವಿರ ಟನ್ ಎಂದು ಸುದ್ದಿಯಾಯಿತು. ಅಣು ಖನಿಜ ನಿರ್ದೇಶನಾಲಯದ ಅಂದಾಜು ಬಂದಾಗ ಅದು 1,600 ಟನ್ನಿಗೆ ಇಳಿಯಿತು. ಒಂದು ಸಾಧಾರಣ ವಿದ್ಯುತ್ ಕಾರಿಗೆ 8 ಕೆ.ಜಿ. ಲಿಥಿಯಂ ಎಂದು ಹಿಡಿದರೆ, ಒಂದು ಚೂರೂ ನಷ್ಟವಾಗದೆ ಎಲ್ಲವನ್ನೂ ತೆಗೆದರೂ ಎರಡು ಲಕ್ಷ ಕಾರುಗಳಿಗೆ ಸಾಕು. ನಮ್ಮ ದೇಶದಲ್ಲಿ ವರ್ಷಕ್ಕೆ ಮಾರಾಟವಾಗುವ ಕಾರುಗಳು 40 ಲಕ್ಷಕ್ಕೂ ಮೇಲೆ. ಕಾರೆಲ್ಲ ವಿದ್ಯುತ್ತಿನದಾದರೆ ಮಂಡ್ಯದ ಲಿಥಿಯಂ ಮೂರು ವಾರಕ್ಕೂ ಬರಲಾರದು. ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಅದಿರಿದೆ ಎಂದು 2023ರಲ್ಲಿ ಘೋಷಣೆಯಾಯಿತಾದರೂ ಅದೂ ಪ್ರಾಥಮಿಕ ಅಂದಾಜು. 2024ರ ಜನವರಿಯಲ್ಲಿ ನಮ್ಮ ಸರ್ಕಾರಿ ಕಂಪನಿ ಕಾಬಿಲ್ ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತ್ಯದಲ್ಲಿ ಐದು ಉಪ್ಪುನೀರಿನ ಪ್ರದೇಶಗಳಲ್ಲಿ ಹುಡುಕುವ ಒಪ್ಪಂದ ಮಾಡಿಕೊಂಡದ್ದು ಈ ಕಾರಣಕ್ಕೇ.

ಆದರೆ ಅದಿರು ದೊಡ್ಡ ಸಂಗತಿಯಲ್ಲ. ಅತಿ ಹೆಚ್ಚು ಲಿಥಿಯಂ ಅಗೆಯುವ ಆಸ್ಟ್ರೇಲಿಯಾ ಕೂಡ ಅದಿರಿನ ಬಹುಪಾಲನ್ನು ಶುದ್ಧೀಕರಿಸಲು ಚೀನಾಕ್ಕೇ ಕಳಿಸುತ್ತದೆ. ಕಷ್ಟ ಇರುವುದು ಮಾಡುವ ಕೈಯಲ್ಲಿ. ಸೆಲ್ಲಿನ ದ್ರಾವಣದಲ್ಲಿರುವ ಲಿಥಿಯಂ ಲವಣಕ್ಕೆ ನೀರಿನ ಪಸೆ ತಗುಲಿದರೆ ಹೈಡ್ರೊಫ್ಲೋರಿಕ್ ಆಮ್ಲ ಹುಟ್ಟುತ್ತದೆ, ಸೆಲ್ ಕೆಡುತ್ತದೆ. ಹಾಗಾಗಿ ದ್ರಾವಣ ತುಂಬುವ ಕೋಣೆಯ ಗಾಳಿಯನ್ನು ಮರುಭೂಮಿಗಿಂತಲೂ ಒಣಗಿಸಿ ಇಡಬೇಕು. ಜುಲೈ ತಿಂಗಳಲ್ಲಿ ಹಪ್ಪಳ ಕೂಡ ಮೆತ್ತಗಾಗುವ ನಮ್ಮ ಕರಾವಳಿಯಲ್ಲಿ ಅಂಥ ಕೋಣೆ ನಡೆಸುವ ಕರೆಂಟ್ ಬಿಲ್ಲನ್ನು ಊಹಿಸಿಕೊಳ್ಳಿ. ಲೇಪ ಕೂದಲೆಳೆಯಷ್ಟು ದಪ್ಪ ತಪ್ಪಿದರೂ, ಲೋಹದ ಒಂದು ಧೂಳಿನ ಕಣ ಸೇರಿದರೂ ಸೆಲ್ ಕಸದ ಬುಟ್ಟಿಗೆ. ಸಿದ್ಧವಾದ ಸೆಲ್ಲನ್ನು ಕೂಡ ನಿಧಾನವಾಗಿ ಚಾರ್ಜ್ ಮಾಡಿ, ದಿನಗಟ್ಟಲೆ ಇಟ್ಟು ಪರೀಕ್ಷಿಸಿಯೇ ಹೊರಬಿಡಬೇಕು. ನೂರು ಸೆಲ್ ಮಾಡಿದರೆ ಮಾರಲು ಯೋಗ್ಯವಾದದ್ದು ಎಷ್ಟು ಎಂಬುದರ ಮೇಲೆ ಕಾರ್ಖಾನೆಯ ಬಾಳು ನಿಂತಿದೆ.

ಸ್ವೀಡನ್ನಿನ ನಾರ್ತ್‌ವೋಲ್ಟ್ ಕಥೆ ಕೇಳಿ. ಯುರೋಪಿನ ದೊಡ್ಡ ಆಸೆ ಅದು. ಫೋಕ್ಸ್‌ವಾಗನ್ ಹಣ ಹಾಕಿತ್ತು, ಬಿಎಂಡಬ್ಲ್ಯು ಇನ್ನೂರು ಕೋಟಿ ಯೂರೋ ಬೆಲೆಯ ಸೆಲ್ ಕೇಳಿತ್ತು. ಒಳ್ಳೆಯ ಸೆಲ್ಲುಗಳು ಹೊತ್ತಿಗೆ ಸರಿಯಾಗಿ ಬರಲೇ ಇಲ್ಲ. 2024ರಲ್ಲಿ ಬಿಎಂಡಬ್ಲ್ಯು ತನ್ನ ಬೇಡಿಕೆ ಹಿಂತೆಗೆದುಕೊಂಡಿತು. 2025ರ ಮಾರ್ಚಿನಲ್ಲಿ ನಾರ್ತ್‌ವೋಲ್ಟ್ ದಿವಾಳಿ ಅರ್ಜಿ ಹಾಕಿತು. ಹಣಕ್ಕೂ ಬುದ್ಧಿಗೂ ಕೊರತೆ ಇಲ್ಲದ ದೇಶದಲ್ಲೇ ಹೀಗಾಯಿತು.

ಈಗ ನಮ್ಮ ರಾಜ್ಯಕ್ಕೆ ಬನ್ನಿ. 2021ರಲ್ಲಿ ಕೇಂದ್ರ ಸರ್ಕಾರ ಸೆಲ್ ತಯಾರಿಕೆಗೆ 18,100 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ಪ್ರಕಟಿಸಿತು. ಗುರಿ ವರ್ಷಕ್ಕೆ 50 ಗಿಗಾವ್ಯಾಟ್ ಅವರ್ ಶಕ್ತಿ ಹಿಡಿಯುವಷ್ಟು ಸೆಲ್. ಆಯ್ಕೆಯಾದವರಲ್ಲಿ ಬೆಂಗಳೂರಿನ ಚಿನ್ನದ ವ್ಯಾಪಾರಿ ಸಂಸ್ಥೆ ರಾಜೇಶ್ ಎಕ್ಸ್‌ಪೋರ್ಟ್ಸ್ ಕೂಡ ಇತ್ತು. ಧಾರವಾಡದಲ್ಲಿ ಕಾರ್ಖಾನೆ ಎಂದಿತು. 2024ರ ಕೊನೆಗೆ ಬಂದರೂ ಆ 50ರಲ್ಲಿ ಸಿಂಹಪಾಲು ಕಾಗದದ ಮೇಲೇ ಉಳಿದಿತ್ತು. ಆ ಯೋಜನೆಯ ಹೊರಗೇ ಇರುವ ಎಕ್ಸೈಡ್ ದೇವನಹಳ್ಳಿಯ ಬಳಿ 12 ಗಿಗಾವ್ಯಾಟ್ ಅವರ್ ಸಾಮರ್ಥ್ಯದ ಕಾರ್ಖಾನೆಗೆ ಕೈಹಾಕಿತು. ನಮ್ಮ ಇನ್ವರ್ಟರ್ ಬ್ಯಾಟರಿಯ ಮೇಲೆ ಕಾಣುವ ಅದೇ ಹೆಸರು. ತಂತ್ರಜ್ಞಾನಕ್ಕೆ ಚೀನಾದ ಎಸ್‌ವೋಲ್ಟ್ ಜೊತೆ ಒಪ್ಪಂದ. ಹುಂಡೈ ಮತ್ತು ಕಿಯಾ 2024ರಲ್ಲಿ ಅದರೊಂದಿಗೆ ಕೈಜೋಡಿಸಿದವು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಎಪ್ಸಿಲಾನ್ ಸಂಸ್ಥೆ ಉಕ್ಕಿನ ಕಾರ್ಖಾನೆಯ ಕಲ್ಲಿದ್ದಲ ಟಾರಿನಿಂದ ಗ್ರಾಫೈಟ್ ಮಾಡುವ ದಾರಿ ಹಿಡಿದಿದೆ. ಸದ್ದಿಲ್ಲದ ಈ ಕೆಲಸವೇ ನನಗೆ ಹೆಚ್ಚು ಭರವಸೆಯದಾಗಿ ಕಾಣುತ್ತದೆ. ಏಕೆಂದರೆ ಸೆಲ್ಲಿಗೆ ಬೇಕಾದ ಗ್ರಾಫೈಟಿನಲ್ಲೂ ಜಗತ್ತು ಚೀನಾದ ಬಾಗಿಲಲ್ಲೇ ನಿಂತಿದೆ.

ಇದೆಲ್ಲದರ ನಡುವೆ ಬೆಲೆಯ ಆಟ. ಚೀನಾದ ಮಾರುಕಟ್ಟೆಯಲ್ಲಿ 2022ರ ನವೆಂಬರಿನಲ್ಲಿ ಒಂದು ಟನ್ ಲಿಥಿಯಂ ಕಾರ್ಬೊನೇಟಿಗೆ ಆರು ಲಕ್ಷ ಯುವಾನ್ ಹತ್ತಿರವಿತ್ತು, 2023ರ ಕೊನೆಗೆ ಒಂದು ಲಕ್ಷದ ಆಸುಪಾಸಿಗೆ ಕುಸಿಯಿತು. ಬೆಲೆ ಏರಿದಾಗ ಗಣಿಗೆ ಹಣ ಹಾಕಿದವರು ತಲೆಮೇಲೆ ಕೈಹೊತ್ತರು, ಕಾರು ತಯಾರಕರು ಉಸಿರುಬಿಟ್ಟರು. ಒಬ್ಬನ ನಷ್ಟವೇ ಇನ್ನೊಬ್ಬನ ಲಾಭ. ಅಡಿಕೆ ಧಾರಣೆ ನೋಡುತ್ತ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಿಥಿಯಂ ಬಿಟ್ಟು ಸೋಡಿಯಂ ಬಳಸುವ ಸೆಲ್ಲುಗಳೂ ಬರುತ್ತಿವೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ ಆರು ನಿಮಿಷದಲ್ಲಿ ಶೇಕಡಾ 80ರಷ್ಟು ಚಾರ್ಜ್ ಆಗುವ ಸೋಡಿಯಂ ಸೆಲ್ಲನ್ನು 2025ರಲ್ಲಿ ಪ್ರಕಟಿಸಿತು. ಸೋಡಿಯಂಗೆ ಬರವಿಲ್ಲ, ಸಮುದ್ರವೇ ಪಕ್ಕದಲ್ಲಿದೆ. ಆದರೆ ಪ್ರಯೋಗಾಲಯದ ಸೆಲ್ ಕಾರಿಗೆ ಬರಲು ವರ್ಷಗಳೇ ಬೇಕು.

ಕೊನೆಗೆ ಕೇಳುಗರಲ್ಲಿ ಒಂದು ಮಾತು. ಬ್ಯಾಂಕುಗಳನ್ನೇ ಕಟ್ಟಿದ ಜಿಲ್ಲೆ ನಮ್ಮದು, ಷೇರು ಕೊಳ್ಳುವವರೂ ಕಡಿಮೆಯಿಲ್ಲ. ಬ್ಯಾಟರಿ ಕಂಪನಿಯ ಷೇರಿಗೆ ಹಣ ಹಾಕುವ ಮುನ್ನ ಎಷ್ಟು ಗಿಗಾವ್ಯಾಟ್ ಅವರ್ ಘೋಷಿಸಿದರು ಎಂದು ನೋಡಬೇಡಿ. ಇವತ್ತು ಎಷ್ಟು ಸೆಲ್ ಹೊರಬರುತ್ತಿದೆ, ಅದನ್ನು ಯಾವ ಕಾರು ಕಂಪನಿ ಕೊಳ್ಳುತ್ತಿದೆ, ಪುಡಿ ಎಲ್ಲಿಂದ ಬರುತ್ತಿದೆ ಎಂದು ವಾರ್ಷಿಕ ವರದಿಯಲ್ಲಿ ಹುಡುಕಿ. ಕಾರು ಕೊಳ್ಳುವವರು ಬ್ಯಾಟರಿಯ ವಾರಂಟಿ ಪತ್ರವನ್ನು ಪೂರ್ತಿ ಓದಿಯೇ ಸಹಿ ಹಾಕಿ. ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ಎಂಬುದು ಈಗ ಸಾಮಾನ್ಯವಾದ ಷರತ್ತು. ಅದಕ್ಕಿಂತ ಕಡಿಮೆ ಕೊಡುವವರಿದ್ದರೆ ಕಾರಣ ಕೇಳಿ.