ಸಾಧನೆಯನ್ನು ಎಲ್ಲಿ ನೋಡಬೇಕು?

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಆಯ್ಕೆ ಸಮಿತಿಯ ಪರವಾಗಿ ಮಾಡಿದ ಭಾಷಣ)



ಈ ಸಲದ ವಾರ್ಷಿಕ ವರದಿಯಲ್ಲಿ ಬಿ.ಎಡ್., ಜಿಎನ್ಎಂ ಮತ್ತು ಬಿ.ಎಸ್ಸಿ. ನರ್ಸಿಂಗ್ ಓದುತ್ತಿರುವ ಮಕ್ಕಳ ಹಾಗೂ ಅವರ ಅಧ್ಯಾಪಕರ ಸಾಧನೆಗೆಂದು ಒಂದು ಪುಟ ಮೀಸಲಿಟ್ಟಿದ್ದಾರೆ. ಆ ಪುಟದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಅಧ್ಯಕ್ಷರು ಸೂಚಿಸಿದ್ದಾರೆ. ಆಯ್ಕೆ ಸಮಿತಿಯಲ್ಲಿರುವ ನಾವು ಹೆಚ್ಚಿನವರು ನಿವೃತ್ತ ಶಿಕ್ಷಕರು. ಮಾತು ಸ್ವಲ್ಪ ಪಾಠದ ಹಾಗೆ ಕೇಳಿಸಿದರೆ ಸಹಿಸಿಕೊಳ್ಳಿ.

ದಾನಿಗಳು ನಮ್ಮನ್ನು ಕೇಳುವ ಮೊದಲ ಪ್ರಶ್ನೆ, "ಎಷ್ಟು ಮಂದಿಗೆ ರ‍್ಯಾಂಕ್ ಬಂತು?" ಕೇಳುವುದು ಸಹಜ. ರ‍್ಯಾಂಕ್ ಬಂದರೆ ನಮಗೂ ಸಂತೋಷವೇ. ಆದರೆ ಶಿಕ್ಷಕರನ್ನೂ ದಾದಿಯರನ್ನೂ ತಯಾರು ಮಾಡುವ ಕಾಲೇಜಿನ ಸಾಧನೆ ಆ ಕಾಲೇಜಿನ ಕಟ್ಟಡದೊಳಗೆ ಪೂರ್ತಿ ಕಾಣುವುದಿಲ್ಲ. ಅದನ್ನು ನೋಡಬೇಕಾದರೆ ಆ ಮಕ್ಕಳು ಅಭ್ಯಾಸಕ್ಕೆ ಹೋಗುವ ಶಾಲೆಗೆ, ಆಸ್ಪತ್ರೆಯ ವಾರ್ಡಿಗೆ ಹೋಗಬೇಕು.

ನಾವು ಬಿ.ಎಡ್. ಮಾಡಿದ ಕಾಲದಲ್ಲಿ ಅದು ಒಂದೇ ವರ್ಷದ ಕೋರ್ಸು. 2015ರಿಂದ ಎರಡು ವರ್ಷವಾಗಿದೆ. ಅದರಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕು. ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಕಾಲೇಜಿನ ತರಗತಿಗೆ ಶೇ. 80 ಹಾಜರಾತಿ ಇದ್ದರೆ ಸಾಕು, ಶಾಲೆಯ ಇಂಟರ್ನ್‌ಶಿಪ್‌ಗೆ ಶೇ. 90 ಬೇಕು ಎಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮ ಹೇಳುತ್ತದೆ. ನರ್ಸಿಂಗ್‌ನಲ್ಲಿ ಇದು ಇನ್ನೂ ಬಿಗಿ. ಬಿ.ಎಸ್ಸಿ. ನರ್ಸಿಂಗ್ ಪರೀಕ್ಷೆಗೆ ಕೂರಲು ಶೇ. 80 ಹಾಜರಾತಿ ನಡೆಯುತ್ತದೆ, ಆದರೆ ಪದವಿ ಕೈಗೆ ಬರುವ ಮೊದಲು ಪ್ರಾಯೋಗಿಕ ಕೆಲಸದ ಹಾಜರಾತಿ ಪೂರ್ತಿ ನೂರಕ್ಕೆ ನೂರು ಆಗಿರಬೇಕು. ತಾಯಿಗೆ ಜ್ವರ ಬಂತೆಂದು ಮನೆಗೆ ಬಂದ ಹುಡುಗಿ ಆ ದಿನಗಳನ್ನು ವಾರ್ಡಿನಲ್ಲಿ ಮತ್ತೆ ತುಂಬಿಕೊಡಬೇಕು. ಪೋಷಕರು ಇದನ್ನು ತಿಳಿದಿರಬೇಕು. ಮನೆಯಲ್ಲಿ ಮದುವೆ ಇದೆ, ಒಂದು ವಾರ ಕಳುಹಿಸಿ ಎಂದು ಫೋನ್ ಮಾಡುವ ಮೊದಲು ಎರಡು ಸಲ ಯೋಚಿಸಿ.

ನವೀಕರಣದ ಸಂದರ್ಶನದಲ್ಲಿ ನಾವು ಅಂಕಪಟ್ಟಿಯ ಜೊತೆಗೆ ಪಾಠ ಯೋಜನೆಯ ಪುಸ್ತಕವನ್ನೂ ನೋಡುತ್ತೇವೆ. ಈ ವರ್ಷ ನೋಡಿದ ಒಂದು ಪುಸ್ತಕದ ವಿಷಯ ಹೇಳಲೇಬೇಕು. ಆರನೇ ತರಗತಿಗೆ ಭಿನ್ನರಾಶಿ ಪಾಠ. ಮಕ್ಕಳಲ್ಲಿ ಹಲವರು 1/2ಕ್ಕೆ 1/3 ಕೂಡಿಸಿ 2/5 ಎಂದು ಬರೆದಿದ್ದರು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಗಣಿತ ಕಲಿಸಿದವರಿಗೆ ಈ ತಪ್ಪು ಹಳೆಯ ನೆಂಟ. ನಮ್ಮ ಹುಡುಗಿ ತಪ್ಪು ಗುರುತು ಹಾಕಿ, ಸರಿಯಾದ ವಿಧಾನ ಬೋರ್ಡಿನ ಮೇಲೆ ಬರೆದು, ಪಾಠ ಮುಗಿಸಿದ್ದಳು. ಹಿಂದಿನ ಬೆಂಚಿನಲ್ಲಿ ಕೂತು ನೋಡಿದ ಅಧ್ಯಾಪಕಿ ಕೆಂಪು ಶಾಯಿಯಲ್ಲಿ ಬರೆದದ್ದು ಒಂದೇ ಸಾಲು: "ಯಾಕೆ ಹಾಗೆ ಮಾಡಿದಿರಿ ಎಂದು ಮಕ್ಕಳನ್ನು ಕೇಳಿದಿರಾ?" ಮರುದಿನದ ಪಾಠ ಯೋಜನೆಯಲ್ಲಿ ರೊಟ್ಟಿ ಬಂದಿದೆ. ಅರ್ಧ ರೊಟ್ಟಿ ನಿನ್ನ ತಟ್ಟೆಯಲ್ಲಿದೆ, ಇನ್ನೊಂದು ತುಂಡು ಹಾಕಿದೆ, ಈಗ ಅರ್ಧಕ್ಕಿಂತ ಹೆಚ್ಚಾಯಿತೋ ಕಡಿಮೆಯಾಯಿತೋ? 2/5 ಅರ್ಧಕ್ಕಿಂತ ಕಡಿಮೆ ಎಂದು ಮಕ್ಕಳೇ ಚಿತ್ರ ಬರೆದು ಕಂಡುಕೊಂಡರು. ಆಮೇಲೆ ಛೇದ ಸಮ ಮಾಡುವುದು ಯಾಕೆ ಎಂದು ಅವರೇ ಕೇಳಿದರಂತೆ.

ಈ ಕೆಂಪು ಸಾಲನ್ನು ನಾವು ಅಧ್ಯಾಪಕಿಯ ಸಾಧನೆ ಎನ್ನುತ್ತೇವೆ. ಪಿಎಚ್.ಡಿ. ಬಂದದ್ದು, ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಿದ್ದು ವರದಿಯಲ್ಲಿ ಅಚ್ಚಾಗುತ್ತದೆ, ಆಗಲಿ. ಹಿಂದಿನ ಬೆಂಚಿನಲ್ಲಿ 40 ನಿಮಿಷ ಕೂತದ್ದು ಎಲ್ಲೂ ಅಚ್ಚಾಗುವುದಿಲ್ಲ. ನರ್ಸಿಂಗ್‌ನಲ್ಲಿಯೂ ಹಾಗೆಯೇ. ವಿದ್ಯಾರ್ಥಿನಿ ಮೊದಲ ಸಲ ಸೂಜಿ ಹಿಡಿದಾಗ ಪಕ್ಕದಲ್ಲಿ ನಿಲ್ಲುವ ಟ್ಯೂಟರ್, ಕೈ ನಡುಗಿದರೆ ರೋಗಿಯ ಮುಂದೆ ಗದರಿಸದೆ ಆಮೇಲೆ ಡ್ಯೂಟಿ ರೂಮಿನಲ್ಲಿ ಹೇಳಿಕೊಡುವವರು. ಮನೆಮಾತು ಉರ್ದು ಆಗಿರುವ ನಮ್ಮ ಹುಡುಗಿಯೊಬ್ಬಳು, ಕನ್ನಡ ಸರಿಯಾಗಿ ಬಾರದ ಒಬ್ಬ ಅಜ್ಜಿಗೆ ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ವಿವರಿಸಿ, ಅಜ್ಜಿಯ ಬಾಯಿಂದಲೇ ಅದನ್ನು ಮತ್ತೆ ಹೇಳಿಸಿದಳೆಂದು ಅವಳ ಕೇಸ್ ಪುಸ್ತಕದಲ್ಲಿ ಟ್ಯೂಟರ್ ಗುರುತು ಹಾಕಿದ್ದಾರೆ. ರೋಗಿಯ ಬಾಯಿಂದ ಮತ್ತೆ ಹೇಳಿಸುವುದು ಎಂದರೆ ಅದೂ ಒಂದು ಪಾಠವೇ. ಶಿಕ್ಷಕಿಗೂ ದಾದಿಗೂ ನಡುವಿನ ಗೋಡೆ ನಾವು ಅಂದುಕೊಂಡಷ್ಟು ದಪ್ಪವಿಲ್ಲ.

ಇದೆಲ್ಲ ಹೊಸದೇನಲ್ಲ. ನಮ್ಮ ಮಕ್ಕಳಲ್ಲಿ ಹಲವರು ಹೋಗಬೇಕೆಂದು ಆಸೆಪಡುವ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಕಾಲೇಜಾಗಿ ಶುರುವಾದದ್ದಲ್ಲ. ಐಡಾ ಸ್ಕಡರ್ ಎಂಬ ತರುಣಿ, ಒಂದೇ ರಾತ್ರಿ ಮೂರು ಮನೆಗಳಿಂದ ಹೆರಿಗೆಗೆ ಕರೆ ಬಂದು, ಗಂಡಸು ವೈದ್ಯರು ಬೇಡ ಎಂದ ಕಾರಣಕ್ಕೆ ಮೂವರೂ ತಾಯಂದಿರು ಸತ್ತದ್ದನ್ನು ಕಂಡಿದ್ದರು. ಆ ಮೂರರಲ್ಲಿ ಒಂದು ಮುಸ್ಲಿಂ ಮನೆ. ಅವರು ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಿ ಬಂದು, 1900ರಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ ತೆರೆದರು. 1902ಕ್ಕೆ 40 ಹಾಸಿಗೆಯ ಆಸ್ಪತ್ರೆ, 1909ರಲ್ಲಿ ದಾದಿಯರ ಶಾಲೆ, 1918ರಲ್ಲಿ ಹೆಣ್ಣುಮಕ್ಕಳ ವೈದ್ಯಕೀಯ ಶಾಲೆ. 1922ರಲ್ಲಿ ಅದರ ಮೊದಲ ತಂಡದಿಂದ 14 ಮಂದಿ ಹೊರಬಂದರು. 1946ರಲ್ಲಿ ನರ್ಸಿಂಗ್ ಪದವಿ ಕೋರ್ಸು ಆರಂಭವಾಯಿತು. ಕ್ರಮ ಗಮನಿಸಿ: ಮೊದಲು ಹಾಸಿಗೆ, ಆಮೇಲೆ ತರಗತಿ. ನಮ್ಮ ಮೈಸೂರಿನಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜು, ಈಗಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ತನ್ನ ಆವರಣದಲ್ಲೇ ಒಂದು ಶಾಲೆಯನ್ನು ಇಟ್ಟುಕೊಂಡಿದೆ. ಶಿಕ್ಷಕರಾಗಲಿರುವವರು ಅಲ್ಲಿಯ ಮಕ್ಕಳ ಮುಂದೆ ನಿಲ್ಲಬೇಕು.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ಸೀಟು ಹುಡುಕುವ ಹೊತ್ತಿನಲ್ಲಿ ಪೋಷಕರ ಕೈಗೆ ಬಣ್ಣದ ಪುಸ್ತಿಕೆಗಳು ಬರುತ್ತವೆ. ಶಾಲು, ಹಾರ, ಹಣ್ಣಿನ ಬುಟ್ಟಿಯ ಫೋಟೋಗಳು. ಏಜೆಂಟರು ಬರುತ್ತಾರೆ. "ಬಿ.ಎಡ್.ಗೆ ಬರಬೇಕೆಂದಿಲ್ಲ, ಪರೀಕ್ಷೆಗೆ ಬಂದರೆ ಸಾಕು" ಎನ್ನುವವರೂ ಇದ್ದಾರೆ. ಅಂಥ ಕಡೆ ಸೇರಿಸಬೇಡಿ. ಫೀಸು ಕಡಿಮೆ ಎಂದರೂ ಬೇಡ. ಅಲ್ಲಿಗೆ ಈ ಟ್ರಸ್ಟಿನ ಹಣ ಕೊಡಿ ಎಂದು ನಾವು ಶಿಫಾರಸು ಮಾಡುವುದಿಲ್ಲ. ನರ್ಸಿಂಗ್ ಕಾಲೇಜಾದರೆ ಮಾತೃ ಆಸ್ಪತ್ರೆ ಯಾವುದು, ಎಷ್ಟು ಹಾಸಿಗೆ, ಎಷ್ಟು ದೂರ ಎಂದು ಕೇಳಿ. ಸಾಧ್ಯವಾದರೆ ಒಂದು ಮಧ್ಯಾಹ್ನ ಹೋಗಿ ನೋಡಿ, ಹಾಸಿಗೆಗಳ ಮೇಲೆ ರೋಗಿಗಳಿದ್ದಾರೋ ಎಂದು. ಭಾರತೀಯ ನರ್ಸಿಂಗ್ ಪರಿಷತ್ತಿನ ಮತ್ತು ರಾಜ್ಯ ಪರಿಷತ್ತಿನ ಮಾನ್ಯತೆ ಈ ವರ್ಷಕ್ಕೂ ಇದೆಯೇ ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವ ಕಾಲೇಜಿನಿಂದ ಎದ್ದು ಬನ್ನಿ.

ಈಗ ದಾನಿಗಳಲ್ಲಿ ಒಂದು ವಿನಂತಿ. ನಮ್ಮ ನೆರವು ಈಗ ಕೊನೆಯ ವರ್ಷದ ಫೀಸಿಗೆ ನಿಲ್ಲುತ್ತದೆ. ಮಕ್ಕಳ ಕಷ್ಟ ಅಲ್ಲಿಗೆ ನಿಲ್ಲುವುದಿಲ್ಲ. ನರ್ಸಿಂಗ್ ಪಾಸಾದವಳು ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಅಲ್ಲಿಯವರೆಗೆ ಅವಳು ನೋಂದಾಯಿತ ದಾದಿಯಲ್ಲ. ಬಿ.ಎಡ್. ಮುಗಿಸಿದವರು ಸರ್ಕಾರಿ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಗೆ ಕಲಿಸಬೇಕೆಂದರೆ ಟಿಇಟಿ ಬರೆಯಬೇಕು. 150 ಅಂಕದ ಪರೀಕ್ಷೆ, ಸಾಮಾನ್ಯವಾಗಿ 90 ಬಂದರೆ ತೇರ್ಗಡೆ. ಆಮೇಲೆ ನೇಮಕಾತಿಗೆ ಕಾಯಬೇಕು. ಫಲಿತಾಂಶಕ್ಕೂ ಮೊದಲ ಸಂಬಳಕ್ಕೂ ನಡುವಿನ ಈ ತಿಂಗಳುಗಳಲ್ಲಿ ಅರ್ಜಿ ಶುಲ್ಕ, ನೋಂದಣಿ ಶುಲ್ಕ, ಬಸ್ಸಿನ ಖರ್ಚು, ಪುಸ್ತಕ ಎಲ್ಲ ಮನೆಯವರ ಮೇಲೆ ಬೀಳುತ್ತದೆ. ಕೂಲಿ ಮಾಡುವ ತಂದೆ, "ಓದಿದ್ದು ಸಾಕು, ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಸಿಕ್ಕಿದೆ, ಹೋಗು" ಎಂದರೆ ಅವರನ್ನು ದೂರುವಂತಿಲ್ಲ. ಹಾಗೆ ಹೋದವರು ಮರಳಿ ವಾರ್ಡಿಗೋ ತರಗತಿಗೋ ಬರುವುದು ಕಷ್ಟ. ಅಷ್ಟು ವರ್ಷ ನೀವು ಕೊಟ್ಟದ್ದು ದಡದ ಹತ್ತಿರ ಬಂದು ನಿಂತುಬಿಡುತ್ತದೆ.

ಆದ್ದರಿಂದ ಕೋರ್ಸು ಮುಗಿದ ಮೇಲೆ ಇನ್ನೂ ಆರು ತಿಂಗಳು ಸಣ್ಣ ಮೊತ್ತದ ನೆರವು ಮುಂದುವರಿಸಬೇಕೆಂದು ನಾವು ಟ್ರಸ್ಟಿಗೆ ಬರೆದು ಕೊಟ್ಟಿದ್ದೇವೆ. ಹೊಸ ಫಲಾನುಭವಿಗಳ ಸಂಖ್ಯೆ ಒಂದೆರಡು ಕಡಿಮೆಯಾದರೂ ಆಗಲಿ, ಕೈಹಿಡಿದವರನ್ನು ಕೆಲಸದವರೆಗೆ ಮುಟ್ಟಿಸುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ಸಮಿತಿಯೊಳಗೆ ಇದನ್ನು ಒಪ್ಪದವರೂ ಇದ್ದಾರೆ. ಬಾಗಿಲಲ್ಲಿ ನಿಂತ ಹೊಸ ಮಗುವಿಗೆ ಇಲ್ಲ ಎನ್ನುವುದು ಹೇಗೆ ಎಂದು ಅವರು ಕೇಳುತ್ತಾರೆ. ಅದಕ್ಕೇ ಈ ಆರು ತಿಂಗಳ ಖರ್ಚನ್ನು ಬೇರೆಯೇ ನಿಧಿಯಾಗಿ ಹೊರಲು ಯಾರಾದರೂ ಮುಂದೆ ಬಂದರೆ ಎರಡೂ ನಡೆಯುತ್ತದೆ. ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳು ಇಲ್ಲೇ ಇರುತ್ತಾರೆ, ದಯವಿಟ್ಟು ಮಾತನಾಡಿ.

ಮಕ್ಕಳೇ, ಮುಂದಿನ ನವೀಕರಣಕ್ಕೆ ಬರುವಾಗ ಅಂಕಪಟ್ಟಿ, ಹಾಜರಾತಿ ಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ತನ್ನಿ. ಜೊತೆಗೆ ಪಾಠ ಯೋಜನೆಯ ಪುಸ್ತಕ, ಕೇಸ್ ಪುಸ್ತಕ ತರಲು ಮರೆಯಬೇಡಿ. ಅದಕ್ಕೆ ಹೊಸದಾಗಿ ಬೈಂಡು ಹಾಕಿಸಬೇಕಾಗಿಲ್ಲ, ನೀಟಾಗಿ ಮತ್ತೆ ಬರೆಯುವುದೂ ಬೇಡ. ಕೆಂಪು ಶಾಯಿ ಇದ್ದ ಹಾಗೆಯೇ ತನ್ನಿ.